ಮೇ ಕೊನೆಯ ಹೊರಗಡಲು: ಅಳಿವೆ, ಅಂಜಲ್, ತಂತಿ ನಂಬರು

ಕುಶಾಲನಗರ_ಗಾಳ

ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗುವ ಮೊದಲು, ಮೇ ಕೊನೆಯ ಶನಿವಾರ, ನಾಲ್ವರು ಮಲ್ಪೆಯಿಂದ ಒಂದು ದಿನದ ಮಟ್ಟಿಗೆ ಹೊರಗಡಲಿಗೆ ಹೋಗಬೇಕೆಂದಿದ್ದೇವೆ. ದೋಣಿ 30 ಅಡಿಯ ಫೈಬರ್, ಹಿಂದೆ ಒಂದೇ ಒಂದು 40 ಎಚ್‌ಪಿ ಟೂ-ಸ್ಟ್ರೋಕ್. ಇರುವ ಸಾಮಾನೆಲ್ಲ ಹೊಳೆಯದ್ದು: 9 ಅಡಿಯ ಎರಡು ರಾಡ್, 6000 ಸೈಜಿನ ಸ್ಪಿನ್ನಿಂಗ್ ರೀಲ್, 30 ಪೌಂಡಿನ ತಂಗೂಸಿ (ಒಂಟಿ ಎಳೆಯ ನೈಲಾನ್ ದಾರ), ಮಹಶೀರಿಗೆ ಹಾಕುವ ಸ್ಪೂನುಗಳು (ಲೋಹದ ಹುಸಿ ಎರೆ). ಗುರಿ ಅಂಜಲ್ (ಸುರ್ಮಯಿ). ಸೈಲ್‌ಫಿಶ್ ಬಂದರೆ ನಮ್ಮ ಪುಣ್ಯ.

ಆ ಹೊತ್ತಿಗೆ ಕಡಲು ಹೇಗಿರುತ್ತದೆ, ಏನೇನು ಕಚ್ಚುತ್ತದೆ, ಈ ಸಾಮಾನಿನಲ್ಲಿ ಯಾವುದು ನಡೆಯುತ್ತದೆ? ಅಲೆ 1.4 ಮೀಟರ್ ಅಂತ ತೋರಿಸಿದರೆ ಹೋಗಬಹುದಾ?

ತಾಂಡೇಲರ_ಅಳಿಯ

ಮೀನಿನ ಮಾತು ಆಮೇಲೆ ಮಾರಾಯ್ರೆ, ಮೊದಲು ಅಳಿವೆಯ (ಹೊಳೆ ಕಡಲು ಸೇರುವ ಬಾಯಿಯ) ಮಾತು. 1.4 ಮೀಟರ್ ಅನ್ನುವುದು ಅರ್ಧ ಉತ್ತರ. ಅದರ ಪಕ್ಕದಲ್ಲಿ ಸೆಕೆಂಡಿನ ಲೆಕ್ಕ ಇರುತ್ತದೆ, ಅದು ಎಷ್ಟು?

ಒಂದು ಅಲೆಯ ತಲೆಯಿಂದ ಮುಂದಿನ ಅಲೆಯ ತಲೆಗೆ 6 ಸೆಕೆಂಡ್ ಇದ್ದರೆ ಅದು ಇಲ್ಲೇ ಬೀಸಿದ ಗಾಳಿಯ ಅಲೆ. ಆಳದ ನೀರಲ್ಲಿ ಅದರ ಉದ್ದ ಸುಮಾರು 56 ಮೀಟರ್. ದೋಣಿ ಕುಲುಕುತ್ತದೆ, ಬಟ್ಟೆ ಒದ್ದೆಯಾಗುತ್ತದೆ, ಅಷ್ಟೇ. ಅದೇ 16 ಸೆಕೆಂಡ್ ಇದ್ದರೆ ಉದ್ದ 400 ಮೀಟರ್. ಅದು ಹುಟ್ಟಿದ್ದು ಹಿಂದೂ ಮಹಾಸಾಗರದ ತೆಂಕಣ ತುದಿಯ ಬಿರುಗಾಳಿಯಲ್ಲಿ, ಇಲ್ಲಿಗೆ ಬರುವುದು ದಿನಗಟ್ಟಲೆ ಪಯಣ ಮಾಡಿ. ಏಪ್ರಿಲ್-ಮೇನಲ್ಲಿ ಇದು ಪದೇ ಪದೇ ಬರುತ್ತದೆ. ಕೇರಳದವರು ಕಳ್ಳಕ್ಕಡಲ್ ಅಂತಾರಲ್ಲ, ಅದೇ. ಆಕಾಶ ಶುಭ್ರ, ಗಾಳಿ ಇಲ್ಲ, ಆದರೂ ಕಡಲು ದಡಕ್ಕೆ ನುಗ್ಗುತ್ತದೆ.

ಅಲೆ ತನ್ನ ಉದ್ದದ ಅರ್ಧದಷ್ಟು ಆಳಕ್ಕೆ ಬಂದಾಗ ತಳವನ್ನು ಮುಟ್ಟಲು ಶುರುಮಾಡುತ್ತದೆ. 6 ಸೆಕೆಂಡಿನದ್ದಕ್ಕೆ ತಳ ತಾಗುವುದು 28 ಮೀಟರಿನಲ್ಲಿ, 16 ಸೆಕೆಂಡಿನದ್ದಕ್ಕೆ 200 ಮೀಟರಿನಲ್ಲೇ. ಹೊರಗೆ 30-40 ಮೀಟರ್ ಆಳದಲ್ಲಿ ಅದು ಮೆತ್ತಗೆ ಎತ್ತಿ ಇಳಿಸುತ್ತದೆ, ಗೊತ್ತೇ ಆಗುವುದಿಲ್ಲ. ಅಳಿವೆಯ ಹೂಳಿನ ಮೇಲೆ ಬಂದಾಗ ಮಾತ್ರ ಎದ್ದು ನಿಂತು ಒಡೆಯುತ್ತದೆ. ಬೆಳಗ್ಗೆ ಸುಲಭವಾಗಿ ಹೊರಟ ದೋಣಿ ಮಧ್ಯಾಹ್ನ ಒಳಗೆ ಬರಲಾಗದೆ ನಿಲ್ಲುವುದು ಹೀಗೆ.

ಒಂದೇ ಎಂಜಿನ್ನಿನ 30 ಅಡಿ ದೋಣಿಗೆ ನನ್ನ ಗೆರೆ ಇದು: 8 ಸೆಕೆಂಡಿನೊಳಗೆ 1.2 ಮೀಟರ್‌ವರೆಗೆ ಸರಿ. 14 ಸೆಕೆಂಡ್ ದಾಟಿದರೆ 1 ಮೀಟರ್ ಇದ್ದರೂ ಅಳಿವೆ ಕಣ್ಣಾರೆ ನೋಡದೆ ಹೊರಡಬೇಡಿ. ಇನ್‌ಕಾಯ್ಸ್ (ಕಡಲ ಮುನ್ಸೂಚನೆ ಕೊಡುವ ಕೇಂದ್ರ ಸಂಸ್ಥೆ) ಎತ್ತರದ ಅಲೆಯ ಎಚ್ಚರಿಕೆ ಕೊಟ್ಟ ದಿನ ಬೇಡವೇ ಬೇಡ, ದುಡ್ಡು ಕೊಟ್ಟಾಗಿದ್ದರೂ.

ಏಲಕ್ಕಿಮಲೆ

ಇದರ ಜೊತೆಗೆ ಗಾಳಿ. ಮೇ ಮೊದಲರ್ಧದಲ್ಲಿ ಕ್ರಮ ಹೀಗಿರುತ್ತದೆ: ಬೆಳಗಿನ ಜಾವ ನೆಲದಿಂದ ಕಡಲಿಗೆ ತೆಳುಗಾಳಿ, ಒಂಬತ್ತು-ಹತ್ತಕ್ಕೆ ಸತ್ತಂತೆ ಶಾಂತ, ಹನ್ನೊಂದರ ನಂತರ ವಾಯವ್ಯದ ಕಡಲಗಾಳಿ ಏರಿ ಮೂರು ಗಂಟೆಗೆ 12-15 ನಾಟ್. ಈ ಕ್ರಮ ಇರುವತನಕ ಹವೆ ನಿಮ್ಮ ಕಡೆ ಇದೆ. ಬೆಳಗ್ಗೆ ಐದಕ್ಕೇ ಪಡುವಣ ಅಥವಾ ನೈಋತ್ಯದಿಂದ ಗಾಳಿ ಬೀಸುತ್ತಿದ್ದರೆ ಮುಂಗಾರಿನ ಗಾಳಿ ಕೂತಿತು ಅಂತಲೇ ಲೆಕ್ಕ. ಆಪ್ ಏನೇ ತೋರಿಸಲಿ.

ಮೇ ಕೊನೆಯ ಶನಿವಾರ ತಡವಾಯಿತು ಅನ್ನಿಸುತ್ತದೆ. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1, ನಿಜ. ಆದರೆ 2025ರಲ್ಲಿ ಮೇ 24ಕ್ಕೇ ಬಂತು. ಮುಂಗಾರು ಬಾರದಿದ್ದರೂ ಅರಬ್ಬಿ ಸಮುದ್ರದ ಚಂಡಮಾರುತಗಳ ಒಂದು ಕಾಲ ಇದೇ. 2021ರ ತೌಕ್ತೆ ಬಂದದ್ದು ಮೇ ಮಧ್ಯದಲ್ಲಿ. ಎರಡು ವಾರ ಹಿಂದಕ್ಕೆ ತನ್ನಿ.

ಕುಶಾಲನಗರ_ಗಾಳ

ಅಣ್ಣ, ಹಿಂದಕ್ಕೆ ತರಬಹುದು. ಜೂನ್ 1ರ ನಂತರ 10 ಎಚ್‌ಪಿ ಒಳಗಿನ ದೋಣಿಗೆ ನಿಷೇಧ ಇಲ್ಲ ಅಂತಾರೆ, ತೀರಾ ಆಗದಿದ್ದರೆ ಅದರಲ್ಲಿ?

ತಾಂಡೇಲರ_ಅಳಿಯ

ಕಾಯ್ದೆ ಬಿಡುತ್ತದೆ, ಕಡಲು ಬಿಡಬೇಕಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮತ್ತು 10 ಎಚ್‌ಪಿಗಿಂತ ಹೆಚ್ಚಿನ ಮೋಟಾರ್ ಕಟ್ಟಿದವಕ್ಕೆ ನಿಷೇಧ. ಚಿಕ್ಕ ನಾಡದೋಣಿಗಳಿಗೆ ವಿನಾಯಿತಿ ಇರುವುದು ಹುಟ್ಟಿನಿಂದ ಆ ಅಳಿವೆ ನೋಡಿದವರ ಹೊಟ್ಟೆಪಾಡಿಗಾಗಿ. ಘಟ್ಟದ ಮೇಲಿನಿಂದ ರಾಡ್ ಹಿಡಿದು ಬಂದವರಿಗಲ್ಲ.

ಹೊಳೆಬದಿ

ಸಾಮಾನಿನ ವಿಷಯಕ್ಕೆ ಬರುತ್ತೇನೆ.

9 ಅಡಿಯ ರಾಡ್ ಮನೆಯಲ್ಲಿ ಬಿಡಿ. ಹೊಳೆಯ ದಂಡೆಯಲ್ಲಿ ಬಂಡೆಗಳ ಮೇಲಿಂದ ತಂಗೂಸಿ ಎತ್ತಿ ಹಿಡಿಯಲು ಉದ್ದ ಬೇಕು. ದೋಣಿಯಲ್ಲಿ ಮೀನು ನೇರ ಕೆಳಗಿರುತ್ತದೆ, ಆಗ ರಾಡಿನ ಉದ್ದವೇ ಸನ್ನೆಗೋಲಿನಂತೆ ನಿಮ್ಮ ಸೊಂಟದ ಮೇಲೆ ಕೆಲಸ ಮಾಡುತ್ತದೆ. 6ರಿಂದ 6.5 ಅಡಿ, 20-30 ಪೌಂಡ್ ದರ್ಜೆಯದ್ದು ಎರಡು ಇದ್ದರೆ ಸಾಕು.

ರೀಲ್ ನಡೆಯಬಹುದು, ಆದರೆ ಒಳಗಿನ ದಾರ ಬದಲಿಸಿ. 30 ಪೌಂಡಿನ ತಂಗೂಸಿ ದಪ್ಪ, ಆ ಸೈಜಿನ ರೀಲಿನಲ್ಲಿ ಹೆಚ್ಚು ಹಿಡಿಯುವುದಿಲ್ಲ. ಅಂಜಲ್‌ನ ಮೊದಲ ಓಟವೇ ನೂರು ಮೀಟರ್ ಮುಟ್ಟಬಹುದು. ಪಿಇ 3 ದಪ್ಪದ ಹೆಣೆದ ದಾರ 300 ಮೀಟರ್ ಸುತ್ತಿ. ಬುಡದಲ್ಲಿ ಹತ್ತು ಸುತ್ತು ತಂಗೂಸಿ ಹಾಕಿ ಅದಕ್ಕೆ ಕಟ್ಟಿ, ಇಲ್ಲದಿದ್ದರೆ ಹೆಣೆದ ದಾರ ಸ್ಪೂಲಿನ ಮೇಲೆ ಇಡಿಯಾಗಿ ಜಾರುತ್ತದೆ, ಡ್ರ್ಯಾಗ್ (ಮೀನು ಎಳೆದಾಗ ದಾರ ಜಾರಬಿಡುವ ಬಿಗಿ) ಕೆಟ್ಟಿತು ಅಂತ ನೀವು ತಿರುಪು ಬಿಗಿ ಮಾಡುತ್ತಾ ಕೂರುತ್ತೀರಿ. ಮುಂದೆ 50 ಪೌಂಡಿನ ತಂಗೂಸಿ ಲೀಡರ್ (ಗಾಳದ ಕಡೆಯ ದಪ್ಪ ತುಂಡು) ಎರಡು-ಮೂರು ಮೀಟರ್, ಎರಡನ್ನೂ ಜೋಡಿಸಲು ಎಫ್‌ಜಿ ಗಂಟು. ಎಫ್‌ಜಿ ಹಾಕಲು ಬಾರದಿದ್ದರೆ ದೋಣಿಯಲ್ಲಿ ಕಲಿಯಲು ಹೋಗಬೇಡಿ. ಮನೆಯಲ್ಲಿ ಇಪ್ಪತ್ತು ಸಲ ಹಾಕಿ, ಕೈಗೆ ಬಟ್ಟೆ ಸುತ್ತಿ ಎಳೆದು ನೋಡಿ.

ಮಹಶೀರಿನ ಸ್ಪೂನು ಕಡಲಲ್ಲೂ ಕಚ್ಚಿಸುತ್ತದೆ. ಆದರೆ ಅದರ ಮೂರು ಮೊನೆಯ ಗಾಳ, ಉಂಗುರ ಎರಡೂ ಸಿಹಿನೀರಿನವು. ಉಂಗುರ ಮೊದಲು ಬಾಯಿ ಬಿಡುತ್ತದೆ. ಎರಡನ್ನೂ ಬದಲಿಸಿ.

ನಾಪೋಕ್ಲು_ರೀಲ್

ಡ್ರ್ಯಾಗ್ ವಿಷಯ ಸೇರಿಸಲೇಬೇಕು. ಎಲ್ಲರೂ ಕೈಯಲ್ಲಿ ಎಳೆದು "ಸರಿ ಇದೆ" ಅಂತಾರೆ. ಏಲಕ್ಕಿ ತೂಗುವ ಸ್ಪ್ರಿಂಗ್ ತಕ್ಕಡಿ ಇದ್ದೇ ಇರುತ್ತದಲ್ಲ, ಅದನ್ನು ಬಳಸಿ. ರಾಡ್ 45 ಡಿಗ್ರಿ ಎತ್ತಿ ಹಿಡಿಯಿರಿ, ದಾರ ಎಲ್ಲ ಉಂಗುರಗಳ ಮೂಲಕ ಹಾದುಬರಲಿ, ತಕ್ಕಡಿ ಕಟ್ಟಿ ಇನ್ನೊಬ್ಬರು ನಿಧಾನ ಎಳೆಯಲಿ. ದಾರ ಜಾರುವ ಕ್ಷಣದ ತೂಕ ನೋಡಿ. ಲೀಡರ್‌ವರೆಗಿನ ಸರಣಿಯಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅದರ ಕಾಲು ಭಾಗ ಇಟ್ಟುಕೊಳ್ಳಿ. ಅದು 30 ಪೌಂಡ್ ಅಂತಿಟ್ಟುಕೊಂಡರೆ 13.6 ಕೆಜಿ, ಕಾಲು ಭಾಗ 3.4. ಅಂಜಲ್‌ಗೆ ನಾನಾದರೆ 2.5ರಲ್ಲೇ ನಿಲ್ಲಿಸುವೆ, ಅದರ ಬಾಯಿಯ ಚರ್ಮ ತೆಳು, ಗಾಳ ಹರಿದು ಬರುತ್ತದೆ.

ಇನ್ನೊಂದು: ದಾರ ಓಡಿ ಸ್ಪೂಲಿನ ಸುತ್ತಳತೆ ಅರ್ಧಕ್ಕೆ ಇಳಿದರೆ ಅದೇ ತಿರುಪಿನಲ್ಲಿ ಎಳೆತ ಎರಡರಷ್ಟಾಗುತ್ತದೆ. ಮೇಲಾಗಿ ನೀರಲ್ಲಿ ಬಿಲ್ಲಿನಂತೆ ಬಾಗಿದ ದಾರದ ಎಳೆತ ಬೇರೆ. ಹಾಗಾಗಿ ಮೀನು ಓಡುತ್ತಿರುವಾಗ ತಿರುಪು ಬಿಗಿ ಮಾಡುವುದಲ್ಲ, ಸಡಿಲ ಮಾಡಬೇಕು. "ಕೊನೇ ಹೊತ್ತಲ್ಲಿ ತಟ್ಟಂತ ತುಂಡಾಯ್ತು" ಅನ್ನುವುದರಲ್ಲಿ ಮುಕ್ಕಾಲು ಪಾಲು ಇದೇ.

ಸಂಪಾಜೆ_ತಿರುವು

ಅಂಜಲ್ ಹಲ್ಲಿಗೆ 80 ಪೌಂಡ್ ಮೇಲಿನ ದಪ್ಪ ತಂತಿ ಹಾಕಿಬಿಟ್ಟರೆ ಚಿಂತೆ ಇಲ್ಲ.

ಹೊಳೆಬದಿ

ಚಿಂತೆ ಇಲ್ಲ, ಮೀನೂ ಇಲ್ಲ. ದಪ್ಪ ತಂತಿ ಕಟ್ಟಿದರೆ ಮಿನ್ನೋ (ಮೀನಿನಾಕಾರದ ಹುಸಿ ಎರೆ) ಸರಿಯಾಗಿ ಅಲುಗುವುದಿಲ್ಲ, ಬಿಸಿಲು ಹೊತ್ತಿನ ತಿಳಿನೀರಲ್ಲಿ ಕಾಣಿಸುತ್ತದೆ ಕೂಡ.

ಒಂಟಿ ಎಳೆಯ ಸ್ಟೀಲ್ ತಂತಿ, 6 ನಂಬರು. ದಪ್ಪ 0.41 ಮಿ.ಮೀ., ತಾಳುವುದು 58 ಪೌಂಡ್. ಬೆಳ್ಳಿಬಣ್ಣದ್ದಲ್ಲ, ಅಂಗಡಿಯವರೇ ಕಾಫಿ ಬಣ್ಣ ಅಂತ ಕೊಡುವ ಕಂದು ತಂತಿ. (ಕೊಡಗಿನವರಿಗೆ ಹೊಂದಿತು.) ಮಿನ್ನೋಗೆ 35-40 ಸೆಂ.ಮೀ. ಉದ್ದ ಸಾಕು.

ಕಟ್ಟುವ ಕ್ರಮ: ತಂತಿಯನ್ನು ಗಾಳದ ಕಣ್ಣಿಗೆ ಹಾಕಿ, ಎರಡು ಎಳೆಯನ್ನೂ ಒಟ್ಟಿಗೆ ಹುರಿಯಿರಿ. ಒಂದು ಎಳೆ ನೆಟ್ಟಗಿದ್ದು ಇನ್ನೊಂದು ಅದಕ್ಕೆ ಸುತ್ತಿದರೆ ತಪ್ಪು, ಎರಡೂ ಸಮವಾಗಿ ಒಂದಕ್ಕೊಂದು ಹೆಣೆದುಕೊಳ್ಳಬೇಕು, ಎಕ್ಸ್ ಆಕಾರದಲ್ಲಿ. ಹೀಗೆ ನಾಲ್ಕೈದು ಹುರಿ. ಆಮೇಲೆ ಗಿಡ್ಡ ತುದಿಯನ್ನು ಅಡ್ಡ ಬಗ್ಗಿಸಿ, ಉದ್ದದ ತಂತಿಗೆ ಒತ್ತೊತ್ತಾಗಿ ಐದಾರು ಸುರುಳಿ. ಉಳಿದ ತುದಿಯನ್ನು ಇಕ್ಕುಳದಲ್ಲಿ ಕತ್ತರಿಸಬೇಡಿ. ತುದಿಗೆ ಹಿಡಿಕೆಯಂತೆ ಒಂದು ಮಡಿಕೆ ಕೊಟ್ಟು ಹಿಂದೆ ಮುಂದೆ ತಿರುಗಿಸಿ, ಸುರುಳಿಯ ಬುಡದಲ್ಲೇ ನಯವಾಗಿ ಮುರಿಯುತ್ತದೆ. ಕತ್ತರಿಸಿದರೆ ಮುಳ್ಳು ಉಳಿಯುತ್ತದೆ, ಮೀನು ದೋಣಿಗೆ ತರುವಾಗ ತಂತಿ ಹಿಡಿದವನ ಅಂಗೈ ಸೀಳುತ್ತದೆ. ಬರೀ ಹುರಿ ಇದ್ದರೆ ಜಾರುತ್ತದೆ, ಬರೀ ಸುರುಳಿ ಇದ್ದರೂ ಜಾರುತ್ತದೆ, ಎರಡೂ ಬೇಕು.

ಪ್ರತಿ ಮೀನಿನ ನಂತರ ತಂತಿಯನ್ನು ಬೆರಳಲ್ಲಿ ಸವರಿ ನೋಡಿ. ಒಂದು ಕಡೆ ಮುದುರಿದ್ದರೂ ಎಸೆಯಿರಿ. ನೇರ ಮಾಡಿ ಬಳಸಿದ ತಂತಿ ಮುಂದಿನ ಜಗ್ಗಿಗೆ ಅದೇ ಜಾಗದಲ್ಲಿ ಮುರಿಯುತ್ತದೆ. ತಂತಿ ಮತ್ತು ಲೀಡರ್ ನಡುವೆ ಸ್ವಿವೆಲ್ (ತಿರುಗುವ ಕೊಂಡಿ) ಕಪ್ಪು, ಆದಷ್ಟು ಚಿಕ್ಕದು. ಹೊಳೆಯುವುದಿದ್ದರೆ ಅಂಜಲ್ ಅದನ್ನೇ ಕಚ್ಚಿ ದಾರ ಕತ್ತರಿಸುತ್ತದೆ.

ತಾಂಡೇಲರ_ಅಳಿಯ

ಒಳ್ಳೆಯ ವಿವರಣೆ. ಈಗ ಮೀನಿಗೆ ಬರುವ.

ಏಪ್ರಿಲ್-ಮೇನಲ್ಲಿ ನಮ್ಮ ಕಡೆಯ ಕಡಲ ಮೇಲ್ಮೈ 30 ಡಿಗ್ರಿ ದಾಟುತ್ತದೆ. ಹೊತ್ತು ಏರಿದಂತೆ ಅಂಜಲ್ ಮೇಲೆ ಬರುವುದು ಕಡಿಮೆ. ಬೆಳಕು ಹರಿಯುವ ಹೊತ್ತಿನಿಂದ ಎಂಟೂವರೆಯವರೆಗೆ ಮಿನ್ನೋ ಎಳೆಯಿರಿ: 14-18 ಸೆಂ.ಮೀ., 5ರಿಂದ 8 ಮೀಟರ್ ಇಳಿಯುವಂಥದ್ದು, ದೋಣಿಯ ವೇಗ 5-6 ನಾಟ್. ಒಂದು 30 ಮೀಟರ್ ಹಿಂದೆ, ಇನ್ನೊಂದು 50 ಮೀಟರ್. ಎರಡೂ ಒಂದೇ ದೂರದಲ್ಲಿ ಬೇಡ, ತಿರುವಿನಲ್ಲಿ ಸಿಕ್ಕಿಕೊಳ್ಳುತ್ತವೆ.

ತಿರುವಿನಲ್ಲಿ ಕಲಿಯುವುದಿದೆ. ದೋಣಿ ಎಡಕ್ಕೆ ತಿರುಗಿದಾಗ ಎಡಗಡೆಯ ಮಿನ್ನೋ ನಿಧಾನವಾಗುತ್ತದೆ, ಬಲಗಡೆಯದ್ದು ಜೋರಾಗುತ್ತದೆ. ಕಚ್ಚು ಒಳಬದಿಯದ್ದಕ್ಕೇ ಬೀಳುತ್ತಿದ್ದರೆ ನಿಮ್ಮ ವೇಗ ಹೆಚ್ಚಾಯಿತು, ಹೊರಬದಿಗೆ ಬೀಳುತ್ತಿದ್ದರೆ ಕಡಿಮೆಯಾಯಿತು. ಪುಕ್ಕಟೆ ಸಿಗುವ ಮಾಹಿತಿ, ಬಿಡಬೇಡಿ. ಕಾಲು ಗಂಟೆಗೊಮ್ಮೆ ಎಳೆದು ನೋಡಿ, ಸೀಸನ್ ಕೊನೆಗೆ ಪ್ಲಾಸ್ಟಿಕ್ ಚೂರು ವಿಪರೀತ. ರಾಡಿನ ತುದಿ ಸಮನಾಗಿ ನಡುಗುತ್ತಿದ್ದರೆ ಮಿನ್ನೋ ಈಜುತ್ತಿದೆ. ನಡುಕ ನಿಂತರೆ ಕಸ ಸಿಕ್ಕಿದೆ.

ಎಂಟೂವರೆ ನಂತರ ಜೀವಂತ ಬಂಗುಡೆ. 15-20 ಸೆಂ.ಮೀ. ಮೂಗಿಗೆ ಒಂಟಿ ಗಾಳ 5/0, ಅಲ್ಲಿಂದ 12 ಸೆಂ.ಮೀ. ತಂತಿ, ಬಾಲದ ಹತ್ತಿರ ಚರ್ಮಕ್ಕೆ ಮಾತ್ರ ಚುಚ್ಚಿದ 1/0 ಟ್ರೆಬಲ್ (ಮೂರು ಮೊನೆಯ ಗಾಳ). ಹಿಂದಿನ ಗಾಳ ಯಾಕೆಂದರೆ ಅಂಜಲ್ ಮೊದಲು ಬಾಲ ಕತ್ತರಿಸಿ, ಸುತ್ತು ಹಾಕಿ ಬಂದು ಉಳಿದದ್ದನ್ನು ತೆಗೆದುಕೊಳ್ಳುತ್ತದೆ. ಅರ್ಧ ಬಂಗುಡೆ ಮಾತ್ರ ವಾಪಸ್ ಬಂದರೆ ಎಳೆದು ತೆಗೆಯಬೇಡಿ, ಅಲ್ಲೇ ಬಿಡಿ, ಎರಡು ಎಣಿಸಿ. ವೇಗ 1-2 ನಾಟ್ ದಾಟಬಾರದು, ಬಂಗುಡೆ ಮುಳುಗಿ ಸಾಯುತ್ತದೆ.

ಬಿದ್ದಿರುವ ಮರದ ದಿಮ್ಮಿ, ಹರಿದ ಬಲೆಯ ಮುದ್ದೆ, ತೇಲುವ ಡ್ರಮ್ ಯಾವುದನ್ನೂ ಬಿಡಬೇಡಿ. ಅದರಡಿ ಮಾಹಿ-ಮಾಹಿ ಇರಬಹುದು, ಕೋಬಿಯಾ ಇರಬಹುದು. ಆದರೆ ದೋಣಿಯನ್ನು 30 ಮೀಟರ್ ದೂರ ಇಟ್ಟು ಎಸೆಯಿರಿ. ಬಲೆಯ ಮುದ್ದೆ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಆ ದಿನ ಮುಗಿಯಿತು. ಮಾಹಿ ಸಿಕ್ಕಿದರೆ ಮೊದಲನೆಯದನ್ನು ಗಾಳದಲ್ಲೇ ನೀರಲ್ಲಿ ಹಿಡಿದಿಡಿ, ಉಳಿದವು ಅದರ ಸುತ್ತವೇ ಇರುತ್ತವೆ.

ಕೇದರ್ (ಟ್ಯೂನಾ) ಗುಂಪು ಮೇಲೆ ಕುದಿಯುತ್ತಿದ್ದರೆ ಅದರೊಳಗೆ ದೋಣಿ ನುಗ್ಗಿಸುವ ಚಾಳಿ ಬಿಡಬೇಕು. ಗುಂಪಿನ ಮುಂದೆ ಗಾಳಿಯ ಮೇಲ್ಬದಿಗೆ ಹೋಗಿ ಎಂಜಿನ್ ತಗ್ಗಿಸಿ, 30-40 ಗ್ರಾಂ ಜಿಗ್ (ಲೋಹದ ಭಾರದ ಹುಸಿ ಎರೆ) ಎಸೆಯಿರಿ.

ಏಲಕ್ಕಿಮಲೆ

ತಳದ ಮೀನಿನ ಬಗ್ಗೆ ಒಂದು ಮಾತು. ಮುರು, ಕೆಂಬೇರಿ ಅಂತ ಕಲ್ಲಿನ ಮೇಲೆ ಜಿಗ್ ಹಾಕುವುದಾದರೆ 30-40 ಮೀಟರಿಗೆ 100-120 ಗ್ರಾಂ. ಆದರೆ ಮೇ ಕೊನೆಗೆ ಆಳದ ತಣ್ಣೀರು ದಡದ ಕಡೆ ಏರಲು ತೊಡಗಿರುತ್ತದೆ, ಅದರಲ್ಲಿ ಆಮ್ಲಜನಕ ಕಡಿಮೆ. ತಳದ ಮೀನು ಜಾಗ ಬದಲಿಸುತ್ತದೆ, ಇಲ್ಲವೇ ಸ್ವಲ್ಪ ಮೇಲೆ ಬಂದು ನಿಲ್ಲುತ್ತದೆ. ಇದನ್ನು ತಿಳಿಯಲು ಯಂತ್ರ ಬೇಡ. ತಳಕ್ಕೆ ಒಂದು ನಿಮಿಷ ಬಿಟ್ಟ ಜಿಗ್ಗನ್ನು ಬೇಗ ಸುತ್ತಿ ತೆಗೆದು ಅಂಗೈಯಲ್ಲಿ ಹಿಡಿಯಿರಿ. ಮೇಲಿನ ನೀರು ಬೆಚ್ಚಗಿದ್ದು ಲೋಹ ತಣ್ಣಗೆ ಕೊರೆದರೆ ತಣ್ಣೀರು ಬಂದಿದೆ. ಎಷ್ಟು ಆಳದಿಂದ ತಣ್ಣಗಾಗುತ್ತದೆಂದು ಐದೈದು ಮೀಟರ್ ಕಡಿಮೆ ಮಾಡುತ್ತಾ ನೋಡಿ, ಆ ಗಡಿಯ ಮೇಲ್ಬದಿಯಲ್ಲೇ ಜಿಗ್ ಆಡಿಸಿ.

20 ಮೀಟರಿಗಿಂತ ಆಳದಿಂದ ತಂದ ಮುರು ಹೊಟ್ಟೆ ಉಬ್ಬಿ, ಕಣ್ಣು ಹೊರಬಂದು ತೇಲುತ್ತದೆ. ಬಿಡುವ ಮನಸ್ಸಿದ್ದರೆ ಸುಮ್ಮನೆ ನೀರಿಗೆ ಹಾಕಿದರೆ ಹದ್ದಿನ ಪಾಲು. ಮುಳ್ಳು ತಿಕ್ಕಿ ತೆಗೆದ ಗಾಳವನ್ನು ತಲೆಕೆಳಗಾಗಿ 2 ಕೆಜಿ ಸೀಸಕ್ಕೆ ಕಟ್ಟಿ, ಅದನ್ನು ಮೀನಿನ ಕೆಳದವಡೆಗೆ ಸಿಕ್ಕಿಸಿ, ಹಿಡಿದ ಆಳಕ್ಕೇ ಇಳಿಸಿ ಒಂದು ಜಗ್ಗು. ಬಿಟ್ಟುಕೊಳ್ಳುತ್ತದೆ. ದೈತ್ಯ ಮುರು, ಕಡಲಾಮೆ, ತಿಮಿಂಗಿಲ ಶಾರ್ಕ್ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ದೋಣಿಗೆ ಎತ್ತುವ ಪ್ರಶ್ನೆಯೇ ಇಲ್ಲ, ದಾರ ಕತ್ತರಿಸಿ.

ಕುಶಾಲನಗರ_ಗಾಳ

ಸೈಲ್‌ಫಿಶ್ ಬಗ್ಗೆ ಯಾರೂ ಹೇಳಲಿಲ್ಲ. ಮುರುಡೇಶ್ವರದಿಂದ ನೇತ್ರಾಣಿ ಕಡೆ ಹೋದರೆ ಹೆಚ್ಚು ಅವಕಾಶವಾ?

ತಾಂಡೇಲರ_ಅಳಿಯ

ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ಸುತ್ತ ಡೈವಿಂಗ್ ದೋಣಿಗಳು, ನೀರಡಿಯಲ್ಲಿ ಜನ. ಅಲ್ಲಿ ಗಾಳ ಎಳೆಯುವುದು ಸರಿಯಲ್ಲ, ಮಾತು ಮುಗಿಯಿತು.

ಸೈಲ್‌ಫಿಶ್‌ಗೆ ತಂತಿ ಬೇಡ, 60-80 ಪೌಂಡಿನ ತಂಗೂಸಿ ಲೀಡರ್ ಮೂರು ಮೀಟರ್, 8/0 ಸರ್ಕಲ್ ಗಾಳ. ಅದರ ಬಾಯಿ ಮೂಳೆ. ಜಗ್ಗಿ ಚುಚ್ಚಲು ಹೋದರೆ ಗಾಳ ಹಾರಿಬರುತ್ತದೆ. ಸ್ಪೂಲ್ ಬಿಟ್ಟು ಐದು ಎಣಿಸಿ, ಮೆಲ್ಲಗೆ ಸುತ್ತುತ್ತಾ ಬಿಗಿ ಬರಲಿ, ಸರ್ಕಲ್ ಗಾಳ ತಾನೇ ದವಡೆಯ ಮೂಲೆಗೆ ತಿರುಗಿ ಕೂರುತ್ತದೆ. ಫೋಟೋಕ್ಕೆ ದೋಣಿಯೊಳಗೆ ಎಳೆಯಬೇಡಿ. ಕೈಗವಸು ಹಾಕಿ ಕೊಕ್ಕು ಹಿಡಿದು, ದೋಣಿ 2 ನಾಟ್‌ನಲ್ಲಿ ಮುಂದೆ ಹೋಗುತ್ತಿರಲಿ, ಕಿವಿರಿಗೆ ನೀರು ಹೊಕ್ಕು ಬಣ್ಣ ಮರಳಿದ ಮೇಲೆ ಬಿಡಿ.

ಸಂಪಾಜೆ_ತಿರುವು

ಮಲ್ಪೆಯ ಬದಲು ಮಂಗಳೂರು ದಕ್ಕೆಯಿಂದ (ಬಂದರು ಕಟ್ಟೆಯಿಂದ) ಬಿಟ್ಟರೆ ಮಡಿಕೇರಿಯವರಿಗೆ 60 ಕಿ.ಮೀ. ಉಳಿತಾಯ.

ಏಲಕ್ಕಿಮಲೆ

ಉಳಿತಾಯ ಹೌದು, ಅಳಿವೆ ಕಷ್ಟ. ಅಲ್ಲಿ ನೇತ್ರಾವತಿ, ಫಲ್ಗುಣಿ ಎರಡೂ ಒಂದೇ ಬಾಯಲ್ಲಿ ಕಡಲು ಸೇರುತ್ತವೆ, ಹೂಳು ಜಾಗ ಬದಲಿಸುತ್ತಲೇ ಇರುತ್ತದೆ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿನಿಂದ ದೂರದ ಅಲೆ ಬಂದರೆ ಅಲ್ಲಿ ಗೋಡೆ ಏಳುತ್ತದೆ.

ಆದರೆ ಮಂಗಳೂರಿನ ಕಡಲಿನಲ್ಲಿ ನಮಗೊಂದು ಅನುಕೂಲ ಇದೆ. ಕೊಡಗಿನ ಪುಷ್ಪಗಿರಿಯ ನೀರು ಕುಮಾರಧಾರೆಯಾಗಿ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತದೆ. ಘಟ್ಟದಲ್ಲಿ ಎರಡು-ಮೂರು ದಿನ ಜೋರು ಮಳೆ ಹೊಡೆದರೆ ಅಳಿವೆಯ ಹೊರಗೆ ಕೆಂಪು ನೀರಿನ ಗೆರೆ ಬೀಳುತ್ತದೆ. ಆ ಗೆರೆಯ ಹೊರಬದಿಯಲ್ಲಿ, ತಿಳಿನೀರಿನ ಅಂಚಿಗೇ, ಚಿಕ್ಕಮೀನು ಕೂಡುತ್ತದೆ, ಅಂಜಲ್ ಅಲ್ಲೇ ಬೇಟೆಯಾಡುತ್ತದೆ. ಕೆಂಪು ನೀರೊಳಗೆ ಎಳೆದರೆ ದಂಡ. ಹೂಮಳೆಗೆಲ್ಲ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಈ ಗೆರೆ ಬೀಳುವುದಿಲ್ಲ. ಬೇಸಿಗೆಯಲ್ಲಿ ತುಂಬೆಯ ಕಿಂಡಿ ಅಣೆಕಟ್ಟು ಮೊದಲ ನೀರನ್ನು ಹಿಡಿದುಕೊಳ್ಳುತ್ತದೆ, ಬಾಗಿಲು ತೆರೆದ ಮೇಲೆಯೇ ಕಡಲಿಗೆ. ಮಲ್ಪೆಗೆ ಈ ಲೆಕ್ಕ ಅನ್ವಯಿಸದು, ಕೊಡಗಿನ ನೀರು ಅಲ್ಲಿಗೆ ಹೋಗುವುದಿಲ್ಲ.

ಇನ್‌ಕಾಯ್ಸ್‌ನ ಮೀನಿರುವ ವಲಯದ ಸೂಚನೆಯನ್ನು ನಂಬಿ ಕೂರುವವರಿಗೆ: ಅದು ಉಪಗ್ರಹ ಕಂಡ ಮೇಲ್ಮೈ ಉಷ್ಣಾಂಶ, ಹಸಿರಿನ ಅಂಶ ಇವುಗಳ ಮೇಲೆ ನಿಂತಿದೆ. ಮೇ ಕೊನೆಗೆ ಮೋಡ ಮುಚ್ಚಿದ ದಿನ ಅದು ಸಿಗುವುದಿಲ್ಲ.

ನಾಪೋಕ್ಲು_ರೀಲ್

ಪೆಟ್ರೋಲ್ ಲೆಕ್ಕ ಯಾರಾದರೂ ಮಾಡಿದಿರಾ? ಒಂದೇ ಎಂಜಿನ್ ಅಂದ ಮೇಲೆ ಇದನ್ನು ಕಾಗದದಲ್ಲಿ ಬರೆದೇ ಹೊರಡಬೇಕು.

18 ನಾಟಿಕಲ್ ಮೈಲು ಹೊರಗೆ ಅಂತಿಟ್ಟುಕೊಳ್ಳಿ, 10 ನಾಟ್ ವೇಗ. ಹೋಗಿ ಬರಲು 3.6 ಗಂಟೆ. ಆ ವೇಗದಲ್ಲಿ 40 ಎಚ್‌ಪಿ ಟೂ-ಸ್ಟ್ರೋಕ್ ಗಂಟೆಗೆ ಸುಮಾರು 14 ಲೀಟರ್ ಕುಡಿಯುತ್ತದೆ ಅಂದರೆ 50 ಲೀಟರ್. ಮಿನ್ನೋ ಎಳೆಯುವ 4 ಗಂಟೆಗೆ 6ರಂತೆ 24. ಒಟ್ಟು 74. ಇದು ಟ್ಯಾಂಕಿನ ಮೂರರಲ್ಲಿ ಎರಡು ಪಾಲು ಆಗಬೇಕು, ಅಂದರೆ 111 ಲೀಟರ್ ಒಯ್ಯಬೇಕು. ನಿಮ್ಮ ಎಂಜಿನ್ನಿನ ನಿಜವಾದ ಲೆಕ್ಕ ತಾಂಡೇಲರಿಗೆ (ದೋಣಿ ನಡೆಸುವವರಿಗೆ) ಗೊತ್ತಿರುತ್ತದೆ, ಅವರ ಅಂಕಿ ಹಾಕಿಕೊಳ್ಳಿ.

ಜೊತೆಗೆ: ನೀರು ಬೇರ್ಪಡಿಸುವ ಫಿಲ್ಟರ್ ಒಂದು ಹೆಚ್ಚಿಗೆ (ಮೇ ತಿಂಗಳ ಸೆಕೆಗೆ ಅರ್ಧ ಖಾಲಿ ಕ್ಯಾನಿನಲ್ಲಿ ರಾತ್ರಿಯಿಡೀ ನೀರಿನ ಹನಿ ಕೂಡುತ್ತದೆ), ಪ್ಲಗ್ ಒಂದು ಜೊತೆ, ಪ್ರೊಪೆಲ್ಲರ್ ಪಿನ್, ಸ್ಟಾರ್ಟರ್ ಹಗ್ಗ. ಲಂಗರಿನ ಹಗ್ಗ ಆಳದ ಮೂರರಿಂದ ಐದು ಪಟ್ಟು. 30 ಮೀಟರ್ ಆಳಕ್ಕೆ 100 ಮೀಟರ್ ಇಲ್ಲದಿದ್ದರೆ ಲಂಗರು ಕಚ್ಚದೆ ಉಳುತ್ತಾ ಹೋಗುತ್ತದೆ. ಮೊಬೈಲ್ ಸಿಗ್ನಲ್ ಹೊರಗೆ ಸಿಗುವುದಿಲ್ಲ. ವಿಎಚ್‌ಎಫ್ ರೇಡಿಯೊ ಇರುವ ದೋಣಿಯನ್ನೇ ಆರಿಸಿ, 16ನೇ ಚಾನೆಲ್. ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.

ತಾಂಡೇಲರ_ಅಳಿಯ

ಒಳಗೆ ಬರುವಾಗ ಅಳಿವೆಯ ಹೊರಗೆ ಹತ್ತು ನಿಮಿಷ ನಿಲ್ಲಿ. ದೊಡ್ಡ ಅಲೆ ಮೂರು-ನಾಲ್ಕು ಸಾಲಾಗಿ ಬರುತ್ತವೆ, ಆಮೇಲೆ ಬಿಡುವು. ಎರಡು ಸಲ ಎಣಿಸಿ. ಅಷ್ಟರಲ್ಲಿ ರಾಡುಗಳು ಕೆಳಗೆ, ಗಾಳಗಳು ಪೆಟ್ಟಿಗೆಯೊಳಗೆ, ಎಲ್ಲರ ಮೈಮೇಲೆ ಲೈಫ್ ಜಾಕೆಟ್, ಐಸ್ ಪೆಟ್ಟಿಗೆ ಹಿಂಭಾಗಕ್ಕೆ. ಮೂತಿ ಭಾರವಾದರೆ ಇಳಿಜಾರಲ್ಲಿ ನೀರಿಗೆ ಚುಚ್ಚಿ ದೋಣಿ ಅಡ್ಡ ತಿರುಗುತ್ತದೆ. ಕೊನೆಯ ದೊಡ್ಡ ಅಲೆಯ ಬೆನ್ನ ಮೇಲೆ ಹತ್ತಿ ಅದರ ಜೊತೆಗೇ ಬನ್ನಿ. ಅದನ್ನು ಹಿಂದೆ ಹಾಕಲೂಬಾರದು, ಹಿಂದಿನದ್ದು ನಿಮ್ಮನ್ನು ಹಿಡಿಯಲೂಬಾರದು. ಆದಷ್ಟು ಭರತ ಏರುವ ಹೊತ್ತು ನೋಡಿಕೊಳ್ಳಿ, ಇಳಿತದಲ್ಲಿ ಅಲ್ಲ.

ಮಧ್ಯಾಹ್ನದ ಮೇಲೆ ಪೂರ್ವದಲ್ಲಿ ಘಟ್ಟದ ಮೇಲೆ ಹೂಕೋಸಿನಂಥ ಮೋಡ ಎದ್ದು ತಲೆ ಚಪ್ಪಟೆಯಾದರೆ ಹೊರಡುವ ಹೊತ್ತಾಯಿತು. ಗ್ರಾಫೈಟ್ ರಾಡ್ ಝೇಂಕರಿಸಿದರೆ, ಕೈಗೆ ಜುಮ್ಮೆಂದರೆ, ಆ ಕ್ಷಣವೇ ಕೆಳಗೆ ಮಲಗಿಸಿ. ಕಾರ್ಬನ್ನಿಗೆ ಮಿಂಚು ಅಂದರೆ ಪ್ರೀತಿ.

ಏಲಕ್ಕಿಮಲೆ

ಮೀನು ಕೊಡಗಿಗೆ ತರುವುದು. ಮಲ್ಪೆಯಿಂದ ಮಡಿಕೇರಿ ಸುಮಾರು 200 ಕಿ.ಮೀ., ಸುಳ್ಯ ದಾಟಿ ಸಂಪಾಜೆ ಘಾಟಿ ಏರಿ ಐದಾರು ಗಂಟೆ. ಹಿಡಿದ ತಕ್ಷಣ ಕಿವಿರಿನ ಬುಡ ಕತ್ತರಿಸಿ ರಕ್ತ ಹರಿಸಿ, ಪುಡಿ ಐಸ್ ಎರಡು ಪಾಲು, ಕಡಲನೀರು ಒಂದು ಪಾಲು ಸೇರಿಸಿದ ಕೆಸರಿನಂಥ ನೀರಿಗೆ ಮುಳುಗಿಸಿ. ಬರೀ ಐಸ್ ಮೇಲಿಟ್ಟರೆ ತಾಗಿದ ಕಡೆ ಮಾತ್ರ ತಣ್ಣಗಾಗುತ್ತದೆ. ದಕ್ಕೆಗೆ ಬಂದ ಮೇಲೆ ಕರುಳು, ಕಿವಿರು ತೆಗೆದು, ಆ ನೀರು ಚೆಲ್ಲಿ, ಕೆಜಿಗೆ ಕೆಜಿ ಹೊಸ ಐಸ್. ಪೆಟ್ಟಿಗೆಯ ತಳದ ತೂತು ತೆರೆದಿಡಿ, ಕರಗಿದ ನೀರಲ್ಲಿ ಮೀನು ನೆನೆಯಬಾರದು.

ಕೇದರ್ ವಿಷಯದಲ್ಲಿ ಉದಾಸೀನ ಬೇಡ. ಬಿಸಿಲಲ್ಲಿ ಎರಡು-ಮೂರು ಗಂಟೆ ಬಿದ್ದ ಕೇದರ್‌ನಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಆಮೇಲೆ ಐಸ್ ಹಾಕಿದರೂ, ಕುದಿಸಿದರೂ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಎಷ್ಟು ಸುರಿದರೂ ಅದು ಹೋಗುವುದಿಲ್ಲ. ಮುಖ ಕೆಂಪೇರುವುದು, ತಲೆನೋವು, ತುರಿಕೆ. ಮೀನು ನೋಡಲು, ಮೂಸಲು ಚೆನ್ನಾಗಿಯೇ ಇರಬಹುದು.

70 ಸೆಂ.ಮೀ. ಒಳಗಿನ ಅಂಜಲ್ ಬಿಟ್ಟುಬಿಡಿ. ಅವು ಹೆಚ್ಚಿನವು ಇನ್ನೂ ಒಮ್ಮೆಯೂ ಮೊಟ್ಟೆ ಇಟ್ಟಿರುವುದಿಲ್ಲ.

ಹೊಳೆಬದಿ

ಕಡಲು ಕೈಕೊಟ್ಟರೆ ಕಾವೇರಿ ದಂಡೆಯ ವಾಲ್ನೂರಿಗೆ ಹೋಗುವ ಅಂತ ನಾಲ್ವರಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ, ಆದ್ದರಿಂದ: ಪರವಾನಗಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯಿಂದ, ಹಿಡಿದದ್ದನ್ನು ಬಿಡಲೇಬೇಕು. ಮಳೆ ಬೀಳದ ಮೇ ತಿಂಗಳಲ್ಲಿ ಕಾವೇರಿ ಸೊರಗಿ, ನೀರು ಬೆಚ್ಚಗಾಗಿ, ಮಹಶೀರ್ ಮಡುಗಳಲ್ಲಿ ಒತ್ತೊತ್ತಾಗಿರುತ್ತದೆ. ಆಗ ತೆಳು ದಾರದಲ್ಲಿ ಅರ್ಧ ಗಂಟೆ ಆಡಿಸಿದ ಮೀನು ಈಜಿಕೊಂಡು ಹೋದಂತೆ ಕಂಡರೂ ಬದುಕುವುದು ಅನುಮಾನ. ಬೆಳಗ್ಗೆ ಒಂಬತ್ತರೊಳಗೆ ಮುಗಿಸಿ, ಗಟ್ಟಿ ದಾರ ಹಾಕಿ ಬೇಗ ತನ್ನಿ, ನೀರಿಂದ ಎತ್ತಬೇಡಿ. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಿಂದ ಐಯುಸಿಎನ್ ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನಲ್ಲಿದೆ.

ನಾಪೋಕ್ಲು_ರೀಲ್

ವಾಪಸ್ ಬಂದ ರಾತ್ರಿಯೇ ರೀಲ್ ತೊಳೆಯಿರಿ, ಬೆಳಗ್ಗೆ ಅಲ್ಲ. ಡ್ರ್ಯಾಗ್ ತಿರುಪು ಪೂರ್ತಿ ಬಿಗಿ ಮಾಡಿ, ಸಿಹಿನೀರನ್ನು ಹೂವಿನ ಗಿಡಕ್ಕೆ ಚಿಮುಕಿಸುವಷ್ಟೇ ಮೆತ್ತಗೆ. ಪೈಪಿನ ಒತ್ತಡದ ನೀರು ಉಪ್ಪನ್ನು ಬೇರಿಂಗಿನೊಳಕ್ಕೇ ತಳ್ಳುತ್ತದೆ. ಒರೆಸಿ, ತಿರುಪು ಪೂರ್ತಿ ಸಡಿಲ ಮಾಡಿ ಇಡಿ, ಇಲ್ಲದಿದ್ದರೆ ವಾಷರುಗಳು ಅಂಟಿಕೊಂಡು ಮುಂದಿನ ಸಲ ಜಗ್ಗಿ ಜಗ್ಗಿ ಬಿಡುತ್ತವೆ. ಹೆಣೆದ ದಾರದಲ್ಲೂ ಉಪ್ಪು ಇರುತ್ತದೆ. ಮೇಲಿನ ನೂರು ಮೀಟರ್ ಬಕೆಟ್‌ಗೆ ಬಿಚ್ಚಿ ನೆನೆಸಿ. ನಮ್ಮ ಮಳೆಗಾಲದ ತೇವದಲ್ಲಿ ಉಪ್ಪು ಒಣಗುವುದೇ ಇಲ್ಲ, ಆಗಸ್ಟಿನಲ್ಲಿ ತೆರೆದರೆ ಬೇಲ್ ಸ್ಪ್ರಿಂಗ್ ತುಕ್ಕು ಹಿಡಿದಿರುತ್ತದೆ.

ಕುಶಾಲನಗರ_ಗಾಳ

ಎಲ್ಲ ಬರೆದುಕೊಂಡೆ. ದಿನ ಮೇ ಎರಡನೇ ಶನಿವಾರಕ್ಕೆ ಬಂತು, ಎರಡು ಎಂಜಿನ್ನಿನ ದೋಣಿ ಕೇಳುತ್ತಿದ್ದೇವೆ. ಹಿಂದಿನ ದಿನ ಸಂಜೆಯೇ ಉಡುಪಿ ತಲುಪಿ ಮಲಗುವುದು. ತಂತಿ ಮಾತ್ರ ಇಲ್ಲಿ 6 ನಂಬರು ಸಿಗುತ್ತಿಲ್ಲ, 5 ಇದೆ, 8 ಇದೆ.

ಹೊಳೆಬದಿ

5 ತನ್ನಿ. 44 ಪೌಂಡ್ ತಾಳುತ್ತದೆ, ನಿಮ್ಮ ಡ್ರ್ಯಾಗ್ 2.5 ಕೆಜಿ ಮಾತ್ರ. ಎರಡು ಸುರುಳಿ ತನ್ನಿ, ಮುದುರಿದ್ದನ್ನು ಎಸೆಯಲು ಮನಸ್ಸು ಬರಬೇಕಲ್ಲ.